ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯೂಎಲ್: ನೋಡಿಕೊಳ್ಳುವವರಿಗೆ ಯಾವುದು ಹಗುರ?

ಎರಡೂ ಡೇಟಾಬೇಸ್ ಸಾಫ್ಟ್‌ವೇರ್‌ಗಳು. ಟೇಬಲ್ ರಚನೆ ಆಗಾಗ ಬದಲಾಗುವುದಾದರೆ ಪೋಸ್ಟ್‌ಗ್ರೆಸ್ ಹಿಡಿಯಿರಿ. ಟೇಬಲ್ ಸರಳ, ಕನೆಕ್ಷನ್ ಜಾಸ್ತಿ ಅಂದರೆ ಮೈಎಸ್‌ಕ್ಯೂಎಲ್ ಸಾಕು. ಯಾಕೆ ಅಂತ ಹೇಳುತ್ತೇನೆ.

ಹೆಚ್ಚು ಕಾಡುವುದು ಹಳೆಯ ಸಾಲುಗಳು. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಸಾಲು ಅಪ್‌ಡೇಟ್ ಮಾಡಿದರೆ ಹಳೆಯ ಪ್ರತಿ ಅದೇ ಟೇಬಲ್‌ನಲ್ಲಿ ಉಳಿಯುತ್ತದೆ. ಅದನ್ನು ಆಟೋವ್ಯಾಕ್ಯೂಮ್, ಅಂದರೆ ಹಿನ್ನೆಲೆಯಲ್ಲಿ ತಾನಾಗಿ ಓಡುವ ಸಫಾಯಿ ಕೆಲಸ, ತೆರವು ಮಾಡಬೇಕು. ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಟೇಬಲ್‌ನ ಸುಮಾರು 20% ಸಾಲು ಸತ್ತ (ಹೀಗೆ ಹಳತಾದ) ಮೇಲೆಯೇ ಅದು ಕೆಲಸಕ್ಕೆ ಇಳಿಯುತ್ತದೆ. 10 ಕೋಟಿ ಸಾಲಿನ ಟೇಬಲ್‌ನಲ್ಲಿ ಅದು 2 ಕೋಟಿ! ದೊಡ್ಡ ಟೇಬಲ್‌ಗಳಿಗೆ ಈ ಮಿತಿಯನ್ನು ನೀವೇ ಇಳಿಸಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಡೇಟಾ ಇಡುವ ಭಾಗವಾದ ಇನ್ನೋಡಿಬಿ ಹಳೆಯ ಪ್ರತಿಗಳನ್ನು ಟೇಬಲ್‌ನಿಂದ ಬೇರೆಯಾದ ಅನ್‌ಡೂ ಲಾಗ್‌ನಲ್ಲಿ ಇಡುತ್ತದೆ, ಟೇಬಲ್ ಅಷ್ಟಾಗಿ ಉಬ್ಬುವುದಿಲ್ಲ. ಹಾಗಂತ ಸುಮ್ನೆ ಕೂರುವಂತಿಲ್ಲ. ಗಂಟೆಗಟ್ಟಲೆ ತೆರೆದಿಟ್ಟ ಟ್ರಾನ್ಸಾಕ್ಷನ್ (ಒಂದೇ ಘಟಕವಾಗಿ ನಡೆಯುವ ಕೆಲಸಗಳ ಗುಂಪು) ಎರಡು ಕಡೆಯೂ ಈ ಸಫಾಯಿಯನ್ನು ತಡೆಯುತ್ತದೆ.

ಕನೆಕ್ಷನ್‌ಗೆ ಮೈಎಸ್‌ಕ್ಯೂಎಲ್ ಹಗುರ, ಒಂದಕ್ಕೆ ಒಂದು ಥ್ರೆಡ್ (ಒಂದೇ ಪ್ರೊಸೆಸ್‌ನೊಳಗಿನ ಹಗುರ ಕೆಲಸದ ಎಳೆ). ಪೋಸ್ಟ್‌ಗ್ರೆಸ್‌ನಲ್ಲಿ ಒಂದೊಂದಕ್ಕೂ ಬೇರೆ ಪ್ರೊಸೆಸ್, ಅದು ಭಾರ. ಸಂಖ್ಯೆ ಏರಿದರೆ ಕೆಲವೇ ಕನೆಕ್ಷನ್‌ಗಳನ್ನು ಹಲವರಿಗೆ ಹಂಚುವ ಪಿಜಿಬೌನ್ಸರ್‌ನಂಥ ಪೂಲರ್ ಬೇಕು.

ರಚನೆ ಬದಲಿಸುವಾಗ ಮಾತ್ರ ನನ್ನ ಮತ ಪೋಸ್ಟ್‌ಗ್ರೆಸ್‌ಗೆ. ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಮಾಡಿದ್ದರೆ, ಮಧ್ಯೆ ಏನಾದರೂ ಕೆಟ್ಟಾಗ ಆಲ್ಟರ್ ಟೇಬಲ್‌ಗಳನ್ನೂ (ರಚನೆ ಬದಲಿಸುವ ಆಜ್ಞೆಗಳು) ಸೇರಿಸಿ ರೋಲ್‌ಬ್ಯಾಕ್ ಮಾಡಿದರಾಯಿತು, ಎಲ್ಲ ಮೊದಲಿನಂತಾಗುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಪ್ರತಿ ಆಲ್ಟರ್ ತಾನಾಗಿಯೇ ಕಮಿಟ್ ಆಗುತ್ತದೆ, ಅಂದರೆ ಅಲ್ಲೇ ಕಾಯಂ ಆಗುತ್ತದೆ. ಐದು ಹೆಜ್ಜೆಯ ಮೈಗ್ರೇಷನ್ (ರಚನೆಯ ಬದಲಾವಣೆ) ಮೂರನೆಯದರಲ್ಲಿ ನಿಂತರೆ, ಮೊದಲ ಎರಡನ್ನು ನೀವೇ ಕೈಯಾರೆ ಹಿಂದಕ್ಕೆ ತರಬೇಕು.