ಕಡ್ಡಿಯೋ, ಕ್ರೋಶಾನೋ, ಲೂಮೋ? ಅಕ್ಕನ ಜೊತೆ ಐದು ತಿಂಗಳು

ನನ್ನ ಅಕ್ಕನಿಗೆ 73 ವರ್ಷ. ಚಿತ್ರದುರ್ಗದಲ್ಲಿ ಒಬ್ಬಳೇ ಇದ್ದಾಳೆ. ಭಾವ ಹೋದ ಮೇಲೆ ಅವಳ ಮಾತು ಕಮ್ಮಿಯಾಯಿತು, ಮರೆವು ಜಾಸ್ತಿಯಾಯಿತು. ಹಾಲು ಒಲೆ ಮೇಲಿಟ್ಟು ಜಗಲಿಯಲ್ಲಿ ಕೂತುಬಿಡುತ್ತಿದ್ದಳು. ಬೆಳಿಗ್ಗೆ ಹೇಳಿದ್ದನ್ನೇ ಹೇಳಲು ಸಂಜೆ ಮತ್ತೆ ಫೋನ್ ಮಾಡುತ್ತಿದ್ದಳು. ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಬಿ12 ಕಮ್ಮಿ ಅಂತ ಬಂತು, ಇಂಜೆಕ್ಷನ್ ಶುರುವಾಯಿತು. ಬಿ12 ಕೊರತೆಯಿಂದ, ಥೈರಾಯ್ಡ್ ತೊಂದರೆಯಿಂದ ಮರೆವು ಬರಬಹುದು, ಎರಡಕ್ಕೂ ಔಷಧಿ ಇದೆ. ಆದ್ದರಿಂದ ಮನೆಯ ಹಿರಿಯರು ಮರೆಯತೊಡಗಿದರೆ ದಯವಿಟ್ಟು ಮೊದಲು ಡಾಕ್ಟರಿಗೆ ತೋರಿಸಿ. ಉಲ್ಲನ್ ಹೆಣಿಗೆ ಆಮೇಲೆ.

ಕೈಗೂ ತಲೆಗೂ ಏನಾದರೂ ಹೊಸದು ಕೊಡಿ ಅಂತ ಆ ಡಾಕ್ಟರೇ ಹೇಳಿದ್ದು. ನಾನಿರುವ ದಾವಣಗೆರೆಯಿಂದ ದುರ್ಗಕ್ಕೆ ಸುಮಾರು 60 ಕಿಲೋಮೀಟರ್. ದೀಪಾವಳಿ ಮುಗಿದ ಮೇಲೆ ಪ್ರತಿ ಶನಿವಾರ ಬಸ್ ಹತ್ತಿದೆ, ಯುಗಾದಿವರೆಗೂ. ನಾಲ್ಕು ಥರದ ಹೆಣಿಗೆಯನ್ನು ಇಬ್ಬರೂ ಕೂತು ಮಾಡಿ ನೋಡಿದೆವು.

ಅಕ್ಕನಿಗೆ ದಾರ ಹೊಸದಲ್ಲ. ನಮ್ಮಪ್ಪ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಕೆಲಸ ಮಾಡಿದವರು, ಮನೆ ತುಂಬ ಹತ್ತಿ, ನೂಲು. ಅವಳು ಟಿವಿ ನೋಡುತ್ತಲೇ ಹೂಬತ್ತಿ ಹೊಸೆಯುತ್ತಾಳೆ, ಕಣ್ಣು ಮುಚ್ಚಿ ಮಲ್ಲಿಗೆ ದಂಡೆ ಕಟ್ಟುತ್ತಾಳೆ. ಕೈ ತಾನಾಗಿ ಓಡುತ್ತದೆ. ಅದರಿಂದ ಮನಸ್ಸಿಗೆ ಸಮಾಧಾನ ಸಿಗುತ್ತದೆ, ಆದರೆ ತಲೆಗೆ ಕೆಲಸ ಇಲ್ಲ. ಅಮೆರಿಕದ ಟೆಕ್ಸಸ್‌ನಲ್ಲಿ ಡೆನಿಸ್ ಪಾರ್ಕ್ ಅವರ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ನೋಡಿತ್ತು. 60ರಿಂದ 90 ವರ್ಷದೊಳಗಿನ 221 ಜನ. ಕೆಲವರಿಗೆ ನಮ್ಮ ಕೌದಿಯಂಥ ಕ್ವಿಲ್ಟ್ ಹೊಲಿಯುವುದು, ಕೆಲವರಿಗೆ ಡಿಜಿಟಲ್ ಫೋಟೋ ತೆಗೆಯುವುದು ಕಲಿಸಿದರು. ವಾರಕ್ಕೆ ಸುಮಾರು 15 ಗಂಟೆ, ಮೂರು ತಿಂಗಳು. ಹೊಸದನ್ನು ಕಷ್ಟಪಟ್ಟು ಕಲಿತವರ ನೆನಪು ಸುಧಾರಿಸಿತು, ಅದರಲ್ಲೂ ಫೋಟೋ ಕಲಿತವರಲ್ಲಿ ಎದ್ದು ಕಂಡಿತು. ಸುಮ್ನೆ ಹರಟೆ ಹೊಡೆದವರಲ್ಲಿ, ಮನೆಯಲ್ಲಿ ಗೊತ್ತಿದ್ದ ಕೆಲಸ ಮಾಡಿದವರಲ್ಲಿ ಅಷ್ಟು ಕಾಣಲಿಲ್ಲ. ಮೇಯೊ ಕ್ಲಿನಿಕ್‌ನವರು 2011ರಲ್ಲಿ 70ರಿಂದ 89 ವರ್ಷದ 1,321 ಜನರ ಬಗ್ಗೆ ಬರೆದಿದ್ದರು. ಹೆಣಿಗೆಯಂಥ ಕೈಕೆಲಸ ಮಾಡುವವರಲ್ಲಿ ಮರೆವಿನ ತೊಂದರೆ ಕಮ್ಮಿ ಇತ್ತಂತೆ. ಹೆಣೆದದ್ದಕ್ಕೇ ನೆನಪು ಉಳಿಯಿತೋ, ನೆನಪು ಚೆನ್ನಾಗಿದ್ದವರೇ ಹೆಣೆಯುತ್ತಿದ್ದರೋ, ಅದು ಆ ಲೆಕ್ಕದಿಂದ ಗೊತ್ತಾಗುವುದಿಲ್ಲ.

ಹಾಗಾಗಿ ನಾನು ನೋಡಿದ್ದು ಇಷ್ಟು. ಕಲಿಯಲು ಸ್ವಲ್ಪ ತಲೆ ಓಡಿಸಬೇಕು. ತಪ್ಪಾದರೆ ನಾನು ಇಲ್ಲದಾಗಲೂ ಅಕ್ಕ ತಾನೇ ಸರಿ ಮಾಡಿಕೊಳ್ಳಬೇಕು. ಹೆಬ್ಬೆರಳು ನೋಯಬಾರದು.

ಬೆರಳು ಹೆಣಿಗೆ ಮೊದಲ ಶನಿವಾರವೇ ಬಂತು. ಕಡ್ಡಿ ಬೇಡ, ನಾಲ್ಕು ಬೆರಳಿಗೆ ದಾರ ಸುತ್ತಿ ಕೆಳಗಿನ ಎಳೆಯನ್ನು ಮೇಲಿನದರ ಮೇಲಿಂದ ದಾಟಿಸುವುದು. ಅರ್ಧ ಗಂಟೆಯಲ್ಲಿ ಹಗ್ಗದಂಥ ಪಟ್ಟಿ ಬಂತು, ಅಕ್ಕನಿಗೆ ಖುಷಿಯಾಯಿತು. ಮುಂದಿನ ವಾರ ಅದನ್ನು ಮುಟ್ಟಿರಲಿಲ್ಲ. ಕಲಿಯುವುದು ಅಲ್ಲಿಗೇ ಮುಗಿದಿತ್ತು. ಆದರೆ ಪಕ್ಕದ ಮನೆಯ ಅಜ್ಜಿಗೆ ಮರೆವಿನ ಕಾಯಿಲೆ ತುಂಬಾ ಮುಂದುವರಿದಿದೆ. ಅವರಿಗೆ ಇದೇ ಸರಿಹೋಯಿತು. ಚೂಪಾದದ್ದು ಏನೂ ಇಲ್ಲ, ಮೆತ್ತಗಿನ ದಾರ ಕೈಯಲ್ಲಿದ್ದರೆ ಅವರು ಚಡಪಡಿಸುವುದು ನಿಲ್ಲುತ್ತದೆ. ಶುಗರ್ ಇದ್ದು ಬೆರಳು ಜೋಮು ಹಿಡಿಯುವವರಿಗೆ ಮಾತ್ರ ದಾರ ಸಡಿಲವಾಗಿ ಸುತ್ತಬೇಕು. ಬಿಗಿಯಾದರೆ ಅವರಿಗೆ ಗೊತ್ತೇ ಆಗುವುದಿಲ್ಲ.

ಲೂಮ್ ಅಂದರೆ ಪ್ಲಾಸ್ಟಿಕ್ ಬಳೆಯ ಮೇಲೆ ಸಾಲಾಗಿ ಗೂಟ. ನಾವು ತಂದದ್ದಕ್ಕೆ 24 ಗೂಟ. ಪ್ರತಿ ಗೂಟಕ್ಕೂ ಎರಡು ಸುತ್ತು ಹಾಕಿ, ಕೊಕ್ಕೆಯಿಂದ ಕೆಳಗಿನ ಸುತ್ತನ್ನು ಎತ್ತಿ ಗೂಟದ ತಲೆಯ ಮೇಲಿಂದ ಆಚೆ ಬಿಡುವುದು. ನಾಲ್ಕು ದಿನದಲ್ಲಿ ಟೋಪಿ ರೆಡಿ! ಮೊಮ್ಮಗನಿಗೆ ಹಾಕಿ ಫೋಟೋ ತೆಗೆಸಿದಳು. ಕೈ ನಡುಗುವವರಿಗೆ ಲೂಮ್ ನಿಜವಾಗಿ ಒಳ್ಳೆಯದು, ಏಕೆಂದರೆ ಕುಣಿಕೆ ಗೂಟ ಬಿಟ್ಟು ಹೋಗುವುದಿಲ್ಲ. ಆದರೆ ಎರಡನೇ ಟೋಪಿಯ ಹೊತ್ತಿಗೆ ಅದೂ ಹೂಬತ್ತಿಯ ಥರ ಆಗಿಹೋಯಿತು. ಕೊಕ್ಕೆ ಎತ್ತಿ ಎತ್ತಿ ಮಣಿಕಟ್ಟು ನೋವು ಬೇರೆ.

ಎರಡು ಕಡ್ಡಿಯ ಹೆಣಿಗೆಯ ಮೇಲೆ ನನಗೆ ಮೊದಲಿಂದ ಪ್ರೀತಿ. ನಾನು ಹೈಸ್ಕೂಲಿನಲ್ಲೇ ಕಲಿತಿದ್ದೆ, ಅಕ್ಕ ಕಲಿತಿರಲಿಲ್ಲ. ಕಡ್ಡಿಯ ನಂಬರ್ ಉಲ್ಟಾ ಇರುತ್ತದೆ, ಅದನ್ನು ಹೇಳಲೇಬೇಕು. ನಮ್ಮಲ್ಲಿ ಸಿಗುವ ಹಳೇ ಅಳತೆಯಲ್ಲಿ 8 ನಂಬರ್ ಅಂದರೆ 4 ಮಿಲಿಮೀಟರ್, 6 ನಂಬರ್ ಅಂದರೆ 5 ಮಿಲಿಮೀಟರ್. ನಂಬರ್ ಚಿಕ್ಕದಾದಷ್ಟೂ ಕಡ್ಡಿ ದಪ್ಪ. ಹಿರಿಯರಿಗೆ 6 ನಂಬರ್, ಅದೂ ಬಿದಿರಿನ ಕಡ್ಡಿ ಒಳ್ಳೆಯದು. ಸ್ಟೀಲಿನಲ್ಲಿ ಕುಣಿಕೆ ಜಾರುತ್ತದೆ.

20 ಕುಣಿಕೆ ಹಾಕಿಕೊಟ್ಟೆ, ಎಲ್ಲಾ ಸಾಲೂ ಸೀದಾ ಹೆಣಿಗೆ, ಉಲ್ಟಾ ಹೆಣಿಗೆ ಬೇಡ ಅಂದೆ. ಎರಡು ವಾರ ಚೆನ್ನಾಗಿ ನಡೆಯಿತು. ಮೂರನೇ ವಾರ ಹೋದಾಗ ಅಕ್ಕ ಬಾಗಿಲಲ್ಲೇ ನಿಂತು, "ನೋಡೇ, ಒಂದು ತಪ್ಪಿದ್ದಕ್ಕೆ ಎಲ್ಲಾ ಹಾಳಾಗೈತೆ" ಅಂದಳು. ಒಂದು ಕುಣಿಕೆ ಜಾರಿ, ಹನ್ನೆರಡು ಸಾಲು ಕೆಳಗಿನವರೆಗೂ ಏಣಿಯ ಮೆಟ್ಟಿಲಿನ ಹಾಗೆ ಬಿಚ್ಚಿಕೊಂಡಿತ್ತು. ತುದಿಗೆ ಕೊಕ್ಕೆ ಇರುವ ಕ್ರೋಶಾ ಕಡ್ಡಿಯಿಂದ ಒಂದೊಂದೇ ಮೆಟ್ಟಿಲು ಎತ್ತಿ ಸರಿ ಮಾಡಿದೆ, ಐದು ನಿಮಿಷದ ಕೆಲಸ. ಅದು ನನಗೆ. ಅವಳಿಗೆ ನಾಲ್ಕು ದಿನ ನಿದ್ದೆ ಬಂದಿರಲಿಲ್ಲ. ನಾನು ಪಕ್ಕದಲ್ಲಿ ಇಲ್ಲದಾಗ ಆ ಭಯ ಅವಳಿಗೆ ಬೇಡವಾಗಿತ್ತು. ಚಿಕ್ಕಂದಿನಲ್ಲಿ ಸ್ವೆಟರ್ ಹೆಣೆದು ಬಿಟ್ಟವರಿಗೆ, ಅಥವಾ ಹೇಳಿಕೊಡುವವರು ಮನೆಯಲ್ಲೇ ಇದ್ದರೆ, ಎರಡು ಕಡ್ಡಿಯೇ ಚೆಂದ. ಸೀದಾ ಉಲ್ಟಾ ಸೇರಿಸಿ ಡಿಸೈನ್ ಶುರುಮಾಡಿದರೆ ತಲೆಗೆ ಎಷ್ಟು ಬೇಕಾದರೂ ಕೆಲಸ ಸಿಗುತ್ತದೆ.

ಕ್ರೋಶಾದಲ್ಲಿ ಕಡ್ಡಿಯ ಮೇಲೆ ಬಾಕಿ ಇರುವುದು ಒಂದೇ ಕುಣಿಕೆ. ಇದೊಂದೇ ಕಾರಣಕ್ಕೆ ನಾನು ಒಬ್ಬರೇ ಇರುವ ಹಿರಿಯರಿಗೆ ಕ್ರೋಶಾ ಅನ್ನುತ್ತೇನೆ. ತಪ್ಪಾಯಿತಾ, ಕಡ್ಡಿ ತೆಗೆದು ದಾರ ಎಳೆಯಿರಿ, ತಪ್ಪಿನವರೆಗೆ ಬಿಚ್ಚಿ, ಅಲ್ಲಿಂದ ಮತ್ತೆ ಶುರು. ಫೋನ್ ಬಂದರೆ ಕುಣಿಕೆಗೆ ಒಂದು ಪಿನ್ನು ಸಿಕ್ಕಿಸಿ ಎದ್ದು ಹೋಗಬಹುದು.

ಮೊದಲ ತಿಂಗಳು ಸುಲಭ ಇರಲಿಲ್ಲ. ಅಕ್ಕನ ಮೊದಲ ಪಟ್ಟಿ 20 ಕುಣಿಕೆಯಿಂದ ಶುರುವಾಗಿ 14ಕ್ಕೆ ಇಳಿದಿತ್ತು, ಗೋಪುರದ ಆಕಾರ. ಸಾಲಿನ ಕೊನೆಯ ಕುಣಿಕೆ ಕಣ್ಣಿಗೆ ಬೀಳುತ್ತಿರಲಿಲ್ಲ. ಎರಡೂ ತುದಿಗೆ ಪಿನ್ನು ಹಾಕಿದ ಮೇಲೆ ಸರಿಹೋಯಿತು. ಅವಳಿಗೆ ಪೊರೆ ಆಪರೇಷನ್ ಆಗಿದೆ, ನಾನು ತಿಳಿಯದೆ ಕಂದು ಉಲ್ಲನ್ ಕೊಟ್ಟಿದ್ದೆ. ತಿಳಿ ಹಳದಿ ಕೊಟ್ಟ ದಿನ, "ಈಗ ತೂತು ಕಾಣ್ತೈತೆ ಕಣೇ" ಅಂದಳು. ಇನ್ನೊಂದು ಗೊಂದಲ ವಿಡಿಯೋಗಳದು. ಅಮೆರಿಕದವರು ಸಿಂಗಲ್ ಕ್ರೋಶಾ ಅನ್ನುವುದನ್ನೇ ಬ್ರಿಟನ್ನಿನವರು ಡಬಲ್ ಅನ್ನುತ್ತಾರೆ. ಹೆಸರು ಬಿಟ್ಟು, ದಾರ ಎಷ್ಟು ಸಲ ಸುತ್ತುತ್ತಾರೆ ಅಂತ ನೋಡಿ.

ಹೆಬ್ಬೆರಳ ಬುಡದ ನೋವಿಗೆ ಸಣ್ಣ ಅಲ್ಯುಮಿನಿಯಂ ಕಡ್ಡಿ ಬಿಟ್ಟು, ರಬ್ಬರ್ ಹಿಡಿಯ 5 ಮಿಲಿಮೀಟರ್ ಕಡ್ಡಿ ತಂದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ನೀರು ಕುಡಿಯುವ ನಿಯಮ ಮಾಡಿದೆವು. ಶಿವರಾತ್ರಿ ದಾಟಿ ಬಿಸಿಲು ಏರಿದಾಗ ಅಕ್ರಿಲಿಕ್ ದಾರ ಬೆವರು ಕೈಗೆ ಅಂಟತೊಡಗಿತು. ಕಾಟನ್ ದಾರಕ್ಕೆ ಬದಲಾಯಿಸಿದೆವು, ನಮ್ಮ ಬೇಸಿಗೆಗೆ ಅದೇ ಸರಿ.

ಆಮೇಲೆ ಚೌಕ ಕಲಿತಳು. ಮೂಲೆಗೆ ಬಂದಾಗ ಮೂರು ಹೆಣಿಕೆಯ ಒಂದು ಗುಂಪು, ಎರಡು ಚೈನು, ಮತ್ತೆ ಮೂರರ ಗುಂಪು. ಪ್ರತಿ ಸುತ್ತಿಗೂ ಬದಿಯಲ್ಲಿ ಒಂದೊಂದು ಗುಂಪು ಹೆಚ್ಚುತ್ತದೆ. ಅವಳು ಜೋರಾಗಿ ಎಣಿಸುತ್ತಾಳೆ. ನಾನು ಮಾತಾಡಿಸಿದರೆ ಎಡಗೈ ಎತ್ತಿ ತಡೆಯುತ್ತಾಳೆ, ಎಣಿಕೆ ಮುಗಿಸಿ ಉತ್ತರ ಕೊಡುತ್ತಾಳೆ. ಟಿವಿ ಆಫ್ ಆಗಿರುತ್ತದೆ. ಹೂಬತ್ತಿಯಲ್ಲಿ, ಲೂಮಿನಲ್ಲಿ ನಾನು ಕಾಣದೇ ಇದ್ದದ್ದು ಇದೇ.

ಮರೆವು ಕಮ್ಮಿಯಾಗಿದೆ. ಇಂಜೆಕ್ಷನ್ ಎಷ್ಟು ಕೆಲಸ ಮಾಡಿತು, ದಾರ ಎಷ್ಟು ಮಾಡಿತು ಅಂತ ನಾನು ಪಾಲು ಹಾಕುವುದಿಲ್ಲ. ಅಕ್ಕ ಮತ್ತೆ ಮಾತಾಡುತ್ತಿದ್ದಾಳೆ, ನನಗೆ ಅದು ದೊಡ್ಡದು.

ಈಗ ಬಾಗಿಲ ತೋರಣ ನಡೆಯುತ್ತಿದೆ. ಹದಿಮೂರು ಚೌಕ ಬೇಕು, ಒಂಬತ್ತು ಆಗಿವೆ, ಹಳದಿ ದಾರ ಮುಗಿದಿದೆ. ಒಂದೇ ಬಣ್ಣವಾದರೂ ಬಣ್ಣ ಹಾಕಿದ ಲಾಟ್ ಬೇರೆಯಾದರೆ ಛಾಯೆ ಬದಲಾಗುತ್ತದೆ, ಲೇಬಲ್ ಎಸೆಯಬೇಡ ಅಂತ ಯಾವಾಗಲೋ ಹೇಳಿದ್ದೆ. ನಿನ್ನೆ ರಾತ್ರಿ ಫೋನ್ ಮಾಡಿ, "ಬರ್ಕೋ" ಅಂತ ಲಾಟ್ ನಂಬರ್ ಓದಿ ಹೇಳಿದಳು.