ಒಂದೇ ವೈರಿನ ಮಾನಿಟರ್: ಮೂರು ಥರ ಹಾಕಿ ನೋಡಿದ್ದು

ಬೆಳಿಗ್ಗೆ ಲ್ಯಾಪ್‌ಟಾಪ್ ತಂದು ಮೇಜಿನ ಮೇಲಿಟ್ಟು ಚಾರ್ಜರ್, ಎಚ್‌ಡಿಎಂಐ, ಕೀಬೋರ್ಡ್, ಮೌಸ್, ನೆಟ್ ಕೇಬಲ್ ಅಂತ ಐದು ವೈರು ಸಿಕ್ಕಿಸಬೇಕು, ಸಂಜೆ ಐದನ್ನೂ ಕೀಳಬೇಕು. ಸಾಕಾಗಿ ಹೋಗಿತ್ತು. ಡಾಕ್, ಅಂದರೆ ಈ ವೈರುಗಳನ್ನೆಲ್ಲ ಸಿಕ್ಕಿಸುವ ಡಬ್ಬಿ, ತನ್ನೊಳಗೇ ಇರುವ ಮಾನಿಟರ್ ತಗೊಂಡರೆ ಒಂದೇ ವೈರು ಸಾಕು ಅಂತಾರಲ್ಲ, ಅದು ಸುಳ್ಳಲ್ಲ. ಆದರೆ ಆ ಒಂದು ವೈರಿನೊಳಗೆ ಎಷ್ಟು ಜಾಗ ಇದೆ, ಅದನ್ನು ಯಾರು ಯಾರು ಹಂಚಿಕೊಳ್ಳುತ್ತಾರೆ ಅನ್ನೋದನ್ನು ಯಾರೂ ಹೇಳುವುದಿಲ್ಲ. ನನಗೂ ಅದು ತಡವಾಗಿಯೇ ಗೊತ್ತಾಯಿತು.

ನಾನು ಬಳಸಿ ನೋಡಿದ್ದು ಮೂರು. ಒಂದು, 27 ಇಂಚಿನ 4ಕೆ ಯುಎಸ್‌ಬಿ-ಸಿ ಮಾನಿಟರ್. ಇನ್ನೊಂದು, ಥಂಡರ್‌ಬೋಲ್ಟ್ 4 (ಯುಎಸ್‌ಬಿ-ಸಿ ಆಕಾರದ್ದೇ, ಆದರೆ ಹೆಚ್ಚು ವೇಗದ ಪೋರ್ಟ್) ಇರುವ ಮಾನಿಟರ್. ಮೂರನೆಯದು ಮನೆಯಲ್ಲಿದ್ದ ಸಾದಾ ಎಚ್‌ಡಿಎಂಐ ಮಾನಿಟರ್‌ಗೆ ಬೇರೆ ಡಾಕ್ ಜೋಡಿಸಿದ್ದು. ಲ್ಯಾಪ್‌ಟಾಪ್ ಎರಡು: ಆಫೀಸಿನ ಹಳೇ ವಿಂಡೋಸ್ ಯಂತ್ರ, ಮತ್ತೆ ನನ್ನದೇ ಎಂ2 ಮ್ಯಾಕ್‌ಬುಕ್ ಏರ್.

ಮೊದಲು ಯುಎಸ್‌ಬಿ-ಸಿ ಮಾನಿಟರ್. ತಂದ ದಿನವೇ ಒಂದು ಪೆದ್ದುತನ ಮಾಡಿದೆ. ಪೆಟ್ಟಿಗೆಯಲ್ಲಿದ್ದ ಕೇಬಲ್ ಗಿಡ್ಡ ಅನಿಸಿ, ಮೊಬೈಲ್ ಚಾರ್ಜ್ ಮಾಡುವ ಉದ್ದ ಕೇಬಲ್ ಹಾಕಿದೆ. ಲ್ಯಾಪ್‌ಟಾಪ್ ಚಾರ್ಜ್ ಆಗುತ್ತಿದೆ, ಮೌಸ್ ಓಡುತ್ತಿದೆ, ಪರದೆ ಮಾತ್ರ ಕಪ್ಪು. ಅರ್ಧ ಗಂಟೆ ಮಾನಿಟರ್‌ಗೇ ಬೈದೆ. ತಪ್ಪು ಕೇಬಲ್ಲಿನದು, ಅಂದರೆ ನನ್ನದೇ. ಚಾರ್ಜಿಂಗ್ ಕೇಬಲ್‌ಗಳಲ್ಲಿ ಎಷ್ಟೋ ಬರೀ ಯುಎಸ್‌ಬಿ 2.0 ಕೇಬಲ್‌ಗಳು, ಚಿತ್ರ ಸಾಗಿಸುವ ತಂತಿಗಳೇ ಅದರಲ್ಲಿ ಇರುವುದಿಲ್ಲ. ಎರಡೂ ಕೇಬಲ್ಲಿನ ತುದಿ ನೋಡೋಕೆ ಒಂದೇ ಥರ ಅಲ್ವಾ, ಗೊತ್ತಾಗುವುದಾದರೂ ಹೇಗೆ? ವಿದ್ಯುತ್ತಿನ ಕಥೆಯೂ ಹೀಗೇ. 60 ವ್ಯಾಟ್‌ಗಿಂತ ಜಾಸ್ತಿ ಹರಿಯಬೇಕಾದರೆ ಕೇಬಲ್ 5 ಆಂಪಿಯರ್‌ನದ್ದಾಗಿರಬೇಕು, ನಾನು ಅಷ್ಟು ತಾಳುತ್ತೇನೆ ಅಂತ ಹೇಳುವ ಪುಟ್ಟ ಚಿಪ್ ಅದರೊಳಗೆ ಇರಬೇಕು.

ಕೇಬಲ್ ಸರಿ ಮಾಡಿದ ಮೇಲೆ ಎಲ್ಲ ಚೆನ್ನಾಗಿತ್ತು. ಒಂದು ದಿನ ಆಫೀಸಿನ ಲ್ಯಾಪ್‌ಟಾಪಿನಿಂದ 40 ಜಿಬಿ ವಿಡಿಯೋ ಫೈಲುಗಳನ್ನು ಎಸ್‌ಎಸ್‌ಡಿಗೆ, ಅಂದರೆ ಹೊರಗೆ ಸಿಕ್ಕಿಸುವ ವೇಗದ ಡಿಸ್ಕಿಗೆ, ಹಾಕಬೇಕಿತ್ತು. ಎಸ್‌ಎಸ್‌ಡಿಯನ್ನು ಮಾನಿಟರ್ ಹಿಂದಿನ ಪೋರ್ಟಿಗೆ ಸಿಕ್ಕಿಸಿದೆ. ಕಾಪಿ ವೇಗ ಸೆಕೆಂಡಿಗೆ 38 ಎಂಬಿ, ಅದಕ್ಕಿಂತ ಮೇಲೆ ಏಳಲೇ ಇಲ್ಲ. ಕಾಫಿ ಕುಡಿದು ಬಂದರೂ ಅರ್ಧ ಕೂಡ ಆಗಿರಲಿಲ್ಲ. ಎಸ್‌ಎಸ್‌ಡಿ ಕೆಟ್ಟಿರಬೇಕು ಅಂದುಕೊಂಡು ಅದನ್ನೇ ಕಿತ್ತು ನೇರವಾಗಿ ಲ್ಯಾಪ್‌ಟಾಪಿಗೆ ಹಾಕಿದರೆ, ಸೆಕೆಂಡಿಗೆ 400 ಎಂಬಿ!

ವಿಷಯ ಇಷ್ಟೇ. ಯುಎಸ್‌ಬಿ-ಸಿ ಕೇಬಲ್ಲಿನಲ್ಲಿ ವೇಗದ ಲೇನುಗಳು, ಅಂದರೆ ಚಿತ್ರ ಅಥವಾ ಡೇಟಾ ಓಡುವ ದಾರಿಗಳು, ನಾಲ್ಕು. ನಾಲ್ಕನ್ನೂ ಚಿತ್ರಕ್ಕೆ ಕೊಟ್ಟುಬಿಟ್ಟರೆ ಮಾನಿಟರ್ ಹಿಂದಿನ ಪೋರ್ಟುಗಳಿಗೆಲ್ಲ ಉಳಿಯುವುದು ಹಳೇ ಯುಎಸ್‌ಬಿ 2.0, ಅಂದರೆ 480 ಎಂಬಿಪಿಎಸ್ (ಇದು ಮೆಗಾಬಿಟ್ ಲೆಕ್ಕ, ಕಾಪಿ ವೇಗದ ಎಂಬಿ ಲೆಕ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 60). ಎರಡು ಚಿತ್ರಕ್ಕೆ, ಎರಡು ಡೇಟಾಕ್ಕೆ ಅಂತ ಹಂಚಿದರೆ ಎಸ್‌ಎಸ್‌ಡಿ ಓಡುತ್ತದೆ, ಚಿತ್ರಕ್ಕೆ ಜಾಗ ಅರ್ಧ ಆಗುತ್ತದೆ. ನನ್ನ ಮಾನಿಟರಿನ ಮೆನುವಿನಲ್ಲಿ ಇದಕ್ಕೇ ಒಂದು ಆಯ್ಕೆ ಇತ್ತು, ಚಿತ್ರದ ಗುಣಮಟ್ಟ ಬೇಕಾ ಡೇಟಾ ವೇಗ ಬೇಕಾ ಅಂತ. ಡೇಟಾ ಅಂತ ಒತ್ತಿದೆ. ಪರದೆ ಒಮ್ಮೆ ಕಪ್ಪಾಗಿ ವಾಪಸ್ ಬಂತು. ಮೌಸ್ ಅಲ್ಲಾಡಿಸಿದರೆ ಬಾಣ ಯಾಕೋ ಕೆಸರಿನಲ್ಲಿ ನಡೆಯುವ ಹಾಗೆ. ಸೆಟ್ಟಿಂಗ್ಸ್ ತೆಗೆದು ನೋಡಿದರೆ 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಾಗುವುದು, ಇದ್ದದ್ದು 30 ಆಗಿದೆ. ದಿನವಿಡೀ ಕೆಲಸ ಮಾಡುವವರಿಗೆ 30 ಹರ್ಟ್ಸ್ ಆಗಿಬರುವುದಿಲ್ಲ, ಕಣ್ಣಿಗಿಂತ ಕೈಗೇ ಜಾಸ್ತಿ ಕಿರಿಕಿರಿ.

ತಮಾಷೆ ಏನಂದರೆ ಅದೇ ಮಾನಿಟರ್, ಅದೇ ಕೇಬಲ್, ಅದೇ ಆಯ್ಕೆ, ಮ್ಯಾಕ್‌ಬುಕ್ ಹಾಕಿದರೆ 4ಕೆ 60 ಹರ್ಟ್ಸ್ ಬರುತ್ತದೆ, ಎಸ್‌ಎಸ್‌ಡಿಯೂ ಓಡುತ್ತದೆ. ಕಾರಣ, ಈ ಲೇನುಗಳಲ್ಲಿ ಚಿತ್ರ ಕಳಿಸುವ ಡಿಸ್‌ಪ್ಲೇಪೋರ್ಟ್ ಅನ್ನುವ ವಿಧಾನ. ಆಫೀಸಿನದು ಅದರ 1.2 ಕಾಲದ್ದು, ಲೇನಿಗೆ 5.4 ಜಿಬಿಪಿಎಸ್. ಹೊಸದರಲ್ಲಿ 1.4, ಲೇನಿಗೆ 8.1. ಎರಡೇ ಲೇನಿನಲ್ಲಿ 4ಕೆ 60 ಹರ್ಟ್ಸ್ ಅಂಚಿಗೆ ಅಂಚು ತಾಗಿಸಿಕೊಂಡು ಹಿಡಿಸುತ್ತದೆ. ಮಾನಿಟರ್ ಕೊಳ್ಳುವಾಗ ಎಲ್ಲರೂ ಮಾನಿಟರಿನ ಪಟ್ಟಿ ಓದುತ್ತಾರೆ, ಲ್ಯಾಪ್‌ಟಾಪಿನದನ್ನು ಓದುವುದಿಲ್ಲ. ನಾನೂ ಓದಿರಲಿಲ್ಲ.

ಇನ್ನು ಚಾರ್ಜಿಂಗ್. ಈ ಮಾನಿಟರ್ ಕೊಡುವುದು 65 ವ್ಯಾಟ್. ಮ್ಯಾಕ್‌ಬುಕ್ ಏರ್‌ಗೆ ಅದು ಧಾರಾಳ. ಆಫೀಸಿನ ಲ್ಯಾಪ್‌ಟಾಪಿನ ಜೊತೆ ಬಂದ ಚಾರ್ಜರ್ 90 ವ್ಯಾಟ್‌ನದ್ದು, ಹಾಗಾಗಿ ಭಾರೀ ಕೆಲಸ ಹಚ್ಚಿದ ದಿನ ವೈರು ಸಿಕ್ಕಿಸಿದ್ದರೂ ಬ್ಯಾಟರಿ ನಿಧಾನಕ್ಕೆ ಇಳಿಯುತ್ತಾ ಹೋಗುತ್ತದೆ. ಸಾಮಾನ್ಯ ದಿನಗಳಲ್ಲಿ ತೊಂದರೆ ಇಲ್ಲ. ಆದರೂ ಕೊಳ್ಳುವವರಿದ್ದರೆ 90 ವ್ಯಾಟ್ ಕೊಡುವುದನ್ನೇ ನೋಡಿ ಅಂತೀನಿ.

ಥಂಡರ್‌ಬೋಲ್ಟ್ ಮಾನಿಟರ್ ಬಂದ ಮೇಲೆ ಈ ಲೇನು ಹಂಚುವ ತಲೆನೋವೇ ಇರಲಿಲ್ಲ. 40 ಜಿಬಿಪಿಎಸ್ ದಾರಿ, ಅದರಲ್ಲಿ ಚಿತ್ರ ಎಷ್ಟು ಬೇಕೋ ಅಷ್ಟು ತಗೊಂಡು ಉಳಿದದ್ದನ್ನು ಡೇಟಾಕ್ಕೆ ಬಿಡುತ್ತದೆ. ಎಸ್‌ಎಸ್‌ಡಿ, ನೆಟ್, ಕ್ಯಾಮೆರಾ ಎಲ್ಲ ಒಟ್ಟಿಗೆ ಓಡಿಸಿದರೂ ಏನೂ ಕುಗ್ಗಲಿಲ್ಲ. ಮ್ಯಾಕ್‌ಬುಕ್ ಜೊತೆ ಇದಕ್ಕಿಂತ ಸಲೀಸಾದದ್ದು ನಾನು ನೋಡಿಲ್ಲ. ಆದರೂ ಅದನ್ನು ಇಟ್ಟುಕೊಳ್ಳಲಿಲ್ಲ. ಇದರ ದೊಡ್ಡ ಲಾಭ ಒಂದರ ಹಿಂದೆ ಇನ್ನೊಂದು ಮಾನಿಟರ್ ಸರಪಳಿ ಹಾಕುವುದು, ಎಂ2 ಏರ್‌ಗೆ ಹೊರಗಿನ ಪರದೆ ಸಿಗುವುದೇ ಒಂದು. ಆಫೀಸಿನ ಯಂತ್ರದಲ್ಲಿ ಥಂಡರ್‌ಬೋಲ್ಟ್ ಇಲ್ಲ, ಅದನ್ನು ಹಾಕಿದರೆ ಮಾನಿಟರ್ ಸಾದಾ ಯುಎಸ್‌ಬಿ-ಸಿ ಥರ ನಡೆದುಕೊಳ್ಳುತ್ತದೆ, ಮತ್ತೆ ಅದೇ ನಾಲ್ಕು ಲೇನಿನ ಕಥೆ. ನಿಮ್ಮ ಲ್ಯಾಪ್‌ಟಾಪಿನ ಪೋರ್ಟಿನ ಪಕ್ಕ ಮಿಂಚಿನ ಗುರುತಿದ್ದು, ಎರಡು ಪರದೆ ಬೇಕೇ ಬೇಕು ಅಂತಿದ್ದರೆ ಬೇರೆ ಯೋಚನೆ ಬೇಡ, ಇದನ್ನೇ ತಗೊಳ್ಳಿ.

ಸರಪಳಿ ಅಂದಾಗ ನೆನಪಾಯಿತು. ಯುಎಸ್‌ಬಿ-ಸಿ ಮಾನಿಟರುಗಳಲ್ಲೂ ಕೆಲವಕ್ಕೆ ಮುಂದಿನ ಮಾನಿಟರ್ ಸಿಕ್ಕಿಸೋಕೆ ಡಿಸ್‌ಪ್ಲೇಪೋರ್ಟ್ ಔಟ್ ಇರುತ್ತದೆ, ಒಂದೇ ವೈರಿನಲ್ಲಿ ಹೀಗೆ ಹಲವು ಪರದೆ ಕಳಿಸುವುದಕ್ಕೆ ಎಂಎಸ್‌ಟಿ ಅಂತಾರೆ. ವಿಂಡೋಸ್, ಲಿನಕ್ಸ್‌ಗಳಲ್ಲಿ ಅದು ಸರಿಯಾಗಿ ನಡೆಯುತ್ತದೆ. ಮ್ಯಾಕ್‌ನಲ್ಲಿ ಹಾಗೆ ಹಾಕಿದರೆ ಎರಡೂ ಮಾನಿಟರಿನಲ್ಲಿ ಒಂದೇ ಚಿತ್ರ ಬರುತ್ತದೆ, ಬೇರೆ ಬೇರೆ ಪರದೆ ಆಗುವುದಿಲ್ಲ. ಎಷ್ಟು ಸೆಟ್ಟಿಂಗ್ ತಿರುಗಿಸಿದರೂ ಅಷ್ಟೇ.

ಸಾದಾ ಮಾನಿಟರ್ ಮತ್ತೆ ಬೇರೆ ಡಾಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೇಜಿನ ಮೇಲೆ ಇನ್ನೊಂದು ಡಬ್ಬಿ, ಅದಕ್ಕೆ ಇಟ್ಟಿಗೆಯಂಥ ಅಡಾಪ್ಟರ್. ಲ್ಯಾಪ್‌ಟಾಪಿಗೆ ಬರುವುದು ಒಂದೇ ವೈರಾದರೂ ಹಿಂದೆ ಜಡೆ ಹಾಗೇ ಇರುತ್ತದೆ. ಸ್ನೇಹಿತರೊಬ್ಬರಿಂದ ಡಿಸ್‌ಪ್ಲೇಲಿಂಕ್ ಡಾಕ್ ತಂದು ಎರಡು ವಾರ ಬಳಸಿದೆ. ಅದು ಡ್ರೈವರ್ ಹಾಕಿಸಿಕೊಂಡು ಚಿತ್ರವನ್ನು ಸಿಪಿಯು ಕೈಲಿ ಕುಗ್ಗಿಸಿ ಯುಎಸ್‌ಬಿ ಮೂಲಕ ಕಳಿಸುತ್ತದೆ. ಏರ್‌ಗೆ ಎರಡನೇ ಪರದೆ ಸಿಕ್ಕಿದ್ದು ಇದರಿಂದಲೇ, ಅದು ಒಪ್ಪಬೇಕಾದ ಮಾತು. ಆದರೆ ವೇಗವಾಗಿ ಸ್ಕ್ರೋಲ್ ಮಾಡಿದರೆ ಅಕ್ಷರ ತಡವರಿಸುತ್ತದೆ, ಕಾಪಿ ಆಗದಂತೆ ಕಾಪಾಡಿದ ಸಿನಿಮಾಗಳು ಆ ಪರದೆಯಲ್ಲಿ ಬರೀ ಕಪ್ಪು. ಬೇರೆ ಡಾಕ್‌ನ ಪರವಾಗಿ ಒಂದು ಮಾತು ಮಾತ್ರ ಇದೆ: ಕೆಟ್ಟರೆ ಡಬ್ಬಿ ಬದಲಾಯಿಸಿದರೆ ಆಯಿತು, ಮಾನಿಟರ್ ಹಾಗೇ ಉಳಿಯುತ್ತದೆ.

ಒಳಗಿನ ಡಾಕ್ ನನಗೆ ಕೈಕೊಟ್ಟದ್ದು ಒಮ್ಮೆ. ರಾತ್ರಿ ದೊಡ್ಡ ಅಪ್‌ಲೋಡ್ ಹಚ್ಚಿ, ಬೆಳಕು ಯಾಕೆ ಅಂತ ಮಾನಿಟರ್ ಬಟನ್ ಒತ್ತಿ ಮಲಗಿದೆ. ಬೆಳಿಗ್ಗೆ ನೋಡಿದರೆ 6 ಪರ್ಸೆಂಟಿಗೆ ನಿಂತಿದೆ. ನೆಟ್ ಕೇಬಲ್ ಇದ್ದದ್ದು ಮಾನಿಟರಿನಲ್ಲಿ, ಮಾನಿಟರ್ ಆಫ್ ಆದರೆ ಅದರೊಳಗಿನ ಡಾಕ್ ಕೂಡ ಮಲಗುತ್ತದೆ. ಆಫ್ ಇದ್ದಾಗಲೂ ಯುಎಸ್‌ಬಿ ಎಚ್ಚರವಾಗಿರಲಿ ಅನ್ನುವ ಆಯ್ಕೆ ಮೆನುವಿನ ನಾಲ್ಕನೇ ಪುಟದಲ್ಲಿ ಅಡಗಿ ಕೂತಿತ್ತು.

ಈಗ ಮೇಜಿನ ಮೇಲಿರುವುದು ಯುಎಸ್‌ಬಿ-ಸಿ ಮಾನಿಟರ್. ಕೆವಿಎಂ ಅನ್ನುವ ಸ್ವಿಚ್ ಅದರೊಳಗೇ ಇರುವುದರಿಂದ ಒಂದೇ ಕೀಬೋರ್ಡ್ ಎರಡೂ ಲ್ಯಾಪ್‌ಟಾಪಿಗೆ ಆಗುತ್ತದೆ, ಬಟನ್ ಒತ್ತಿದರೆ ಸಾಕು. ಆಫೀಸಿನದು ಹಾಕಿದಾಗ ನಾಲ್ಕೂ ಲೇನು ಚಿತ್ರಕ್ಕೇ, ಎಸ್‌ಎಸ್‌ಡಿ ನೇರವಾಗಿ ಲ್ಯಾಪ್‌ಟಾಪಿಗೆ. ಪೆಟ್ಟಿಗೆಯಲ್ಲಿ ಬಂದ ಆ ಗಿಡ್ಡ ಕೇಬಲ್‌ಗೆ ಕೆಂಪು ಟೇಪ್ ಸುತ್ತಿಟ್ಟಿದ್ದೇನೆ, ಮನೆಯವರು ಯಾರಾದರೂ ಮೊಬೈಲ್ ಚಾರ್ಜ್ ಮಾಡೋಕೆ ಎತ್ತಿಕೊಂಡು ಹೋದರೆ ಮತ್ತೆ ಕಪ್ಪು ಪರದೆ ನೋಡುತ್ತಾ ಕೂರಬೇಕಾಗುತ್ತದೆ.