ಕಾರ್ವೆಟ್‌ಗೆ ಪಿಕಪ್ ಟ್ರಕ್ ಇಂಜಿನ್ ಹಾಕಿ ನಾಲ್ಕು ವರ್ಷ ಆಯ್ತು

ಮೊದ್ಲೇ ಹೇಳ್ಬಿಡ್ತೀನಿ, ಇಂಜಿನ್ ರಿವ್ಯೂ ಅಂದ್ಕೊಂಡು ಕೂತ್ರೆ ಇದ್ರಲ್ಲಿ ಮುಕ್ಕಾಲು ಪಾಲು ಬಾನೆಟ್ಟು, ಆಯಿಲ್ ಪ್ಯಾನು, ಪೆಟ್ರೋಲ್ ಪಂಪು, ವೈರು ಇವೇ ಸಿಗೋದು. ಇಂಜಿನ್ ಬಗ್ಗೆ ನಂದೇನೂ ತಕರಾರಿಲ್ಲ. ಅದ್ರ ಸುತ್ತ ಇರೋದನ್ನ ಲೆಕ್ಕ ಹಾಕದೆ ಇದ್ದಿದ್ದೇ ನನ್ನ ತಪ್ಪು, ಆ ಲೆಕ್ಕ ಬೇಕಾಗಿರೋರಿಗೆ ಇದು.

ಗಾಡಿ 1979ರ ಶೆವರ್ಲೆ ಕಾರ್ವೆಟ್, ಅಮೆರಿಕದ ಸ್ಪೋರ್ಟ್ಸ್ ಕಾರು, ಆಟೋಮ್ಯಾಟಿಕ್. ನಾನಿರೋದು ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕ. ಆ ವರ್ಷ 53,807 ಕಾರ್ವೆಟ್ ಮಾಡಿದ್ರು, ಒಂದೇ ವರ್ಷದಲ್ಲಿ ಅಷ್ಟು ಮಾಡಿದ್ದು ಅದೊಂದೇ ಸಲ, ಹಂಗಾಗಿ ಇದೇನು ಅಪರೂಪದ ಮಾಲಲ್ಲ, ಕೈ ಹಾಕೋಕೆ ಧೈರ್ಯ ಬಂದಿದ್ದೂ ಅದಕ್ಕೇ. ನೋಡೋಕೆ ಹುಲಿ, 5.7 ಲೀಟರಿನ ವಿ8, ಆದ್ರೆ ಕೊಡ್ತಿದ್ದಿದ್ದು ಬರೀ 195 ಹಾರ್ಸ್‌ಪವರ್. ಎಪ್ಪತ್ತರ ದಶಕದಲ್ಲಿ ಹೊಗೆ ಕಾನೂನು ಬಂತು, ಕಂಪ್ರೆಷನ್ ಇಳಿಸಿದ್ರು, ಹೊಗೆ ಶುದ್ಧ ಮಾಡೋ ಕೆಟಲಿಟಿಕ್ ಕನ್ವರ್ಟರ್ ತುರುಕಿದ್ರು, ಇದು ಆ ಕಾಲದ ಗಾಡಿ. ನಂದು ಅದ್ರ ಮೇಲೆ ಆಯಿಲ್ ಬೇರೆ ಕುಡೀತಿತ್ತು.

ರೀಬಿಲ್ಡ್ ಮಾಡಿಸೋದಾ ಬದಲಾಯಿಸೋದಾ ಅಂತ ಒಂದು ಚಳಿಗಾಲ ಪೂರ್ತಿ ತಲೆ ಕೆಡಿಸ್ಕೊಂಡು ಕೊನೆಗೆ ಗುಜರಿಯಿಂದ 2002ರ ಸಿಲ್ವರಾಡೊ ಪಿಕಪ್‌ನ 5.3 ಲೀಟರ್ ಇಂಜಿನ್ ತಂದೆ. ಎಲ್‌ಎಂ7 ಅಂತಾರೆ, 1997ರ ಕಾರ್ವೆಟ್‌ನಲ್ಲಿ ಬಂದ ಎಲ್‌ಎಸ್1 ಇಂಜಿನ್ ಮನೆತನದ್ದೇ. ಇಂಜಿನ್ನಿನ ಮೈ, ಅಂದ್ರೆ ಬ್ಲಾಕು, ಕಬ್ಬಿಣದ್ದು, ಅದ್ರ ಮೇಲೆ ಕೂರೋ ಹೆಡ್ ಅಲ್ಯುಮಿನಿಯಂದು, ಕಂಪನಿ ಲೆಕ್ಕದಲ್ಲಿ 285 ಹಾರ್ಸ್‌ಪವರ್. 2002ರದ್ದೇ ಹುಡುಕಿದ್ದು ಯಾಕಂದ್ರೆ ಅದ್ರಲ್ಲಿ ಥ್ರಾಟಲ್ ಕೇಬಲ್‌ದು, ಆಮೇಲಿನ ವರ್ಷದ್ದು ಎಲೆಕ್ಟ್ರಾನಿಕ್ ಪೆಡಲ್, ಇನ್ನೊಂದು ರಗಳೆ. ಇಂಜಿನ್ನು, ಅದರ 4ಎಲ್60ಇ ಗೇರ್‌ಬಾಕ್ಸು, ಕಂಪ್ಯೂಟರ್ರು, ವೈರಿಂಗು ಎಲ್ಲಾ ಸೇರಿ 1,100 ಡಾಲರ್. ಲಾಟರಿ ಹೊಡೀತು ಅಂದ್ಕೊಂಡೆ. ಗಾಡಿ ರೋಡಿಗೆ ಇಳಿಯೋ ಹೊತ್ತಿಗೆ 8,000 ದಾಟಿತ್ತು, ಅದೂ ಕೂಲಿ ನಂದೇ!

ಅಪ್ಪ ದಾವಣಗೆರೆಯಿಂದ ಫೋನಲ್ಲಿ ಕೇಳಿದ್ರು, "ಅಲ್ಲಪ್ಪಾ, ಕಾರಿನ ಇಂಜಿನ್ ಕಿತ್ತು ಲಾರಿ ಇಂಜಿನ್ ಹಾಕ್ತಿದೀಯಂತೆ, ಮೈಗೆ ಹುಷಾರಾಗಿದೀಯ ತಾನೇ?" ಅಂತ. ಅವರ ಪ್ರಶ್ನೇಲಿ ನ್ಯಾಯ ಇತ್ತು, ಯಾಕಂದ್ರೆ ಮೊದಲ ತೊಂದ್ರೆ ಬಂದಿದ್ದೇ ಅದು ಲಾರಿ ಇಂಜಿನ್ ಅನ್ನೋದ್ರಿಂದ. ಪಿಕಪ್‌ನಲ್ಲಿ ಮೇಲೂ ಕೆಳಗೂ ಬೇಕಾದಷ್ಟು ಜಾಗ. ಕಾರ್ವೆಟ್ ಬಾನೆಟ್ ಇರೋದೇ ಮೊಣಕಾಲಿಗಿಂತ ಸ್ವಲ್ಪ ಮೇಲೆ. ಇಂಜಿನ್ನಿಗೆ ಗಾಳಿ ಹಂಚೋ ಟ್ರಕ್ಕಿನ ಇನ್‌ಟೇಕ್ ಮ್ಯಾನಿಫೋಲ್ಡ್ ಒಂಟೆ ಡುಬ್ಬದ ಥರ ಎದ್ದಿರುತ್ತೆ, ಹಿಡಿಯುತ್ತೋ ಇಲ್ವೋ ಕಣ್ಣಳತೇಲಿ ಗೊತ್ತಾಗಲಿಲ್ಲ. ಜೇಡಿಮಣ್ಣಿನ ಉಂಡೆ ಇಟ್ಟು ಬಾನೆಟ್ ಮುಚ್ಚಿ ಎಷ್ಟು ಚಪ್ಪಟೆ ಆಗುತ್ತೆ ನೋಡೋದು ಹಳೇ ಉಪಾಯ, ಭಾನುವಾರ ರಾತ್ರಿ ಜೇಡಿಮಣ್ಣು ಎಲ್ಲಿಂದ ತರ್ಲಿ, ಅಡುಗೆಮನೇಲಿ ಕಲಸಿಟ್ಟಿದ್ದ ಚಪಾತಿ ಹಿಟ್ಟಲ್ಲಿ ನಾಲ್ಕು ಉಂಡೆ ತಗೊಂಡು ಹೋಗಿ ಮ್ಯಾನಿಫೋಲ್ಡ್ ಮೇಲೆ ಸಾಲಾಗಿ ಇಟ್ಟೆ. ಮೆಲ್ಲಗೆ ಬಾನೆಟ್ ಇಳಿಸಿದೆ, ಇಳೀತಾ ಇಳೀತಾ ಎರಡು ಇಂಚು ಬಾಕಿ ಇರೋವಾಗ ನಿಂತೇಬಿಡ್ತು. ಎತ್ತಿ ನೋಡಿದ್ರೆ ಹಿಂದಿನ ಎರಡು ಉಂಡೆ ಹಪ್ಪಳ ಆಗಿವೆ, ನಡುವೆ ಮ್ಯಾನಿಫೋಲ್ಡಿನ ಕರಿ ಪ್ಲಾಸ್ಟಿಕ್ ಕಾಣ್ತಿದೆ. ಮುಂದಿನ ಎರಡು ಇಟ್ಟಂಗೇ ಇವೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದ್ಲು, ಏನೂ ಕೇಳಲಿಲ್ಲ, ಉಳಿದ ಹಿಟ್ಟನ್ನ ಫ್ರಿಡ್ಜಿಗೆ ಇಟ್ಲು ಅಷ್ಟೇ.

ಬಾನೆಟ್ ಕೊಯ್ಯೋಕೆ ಮನಸ್ಸು ಬರಲಿಲ್ಲ. ಎಲ್‌ಎಸ್1 ಕಾರುಗಳ ತಗ್ಗು ಮ್ಯಾನಿಫೋಲ್ಡ್ ಇದೇ ಹೆಡ್‌ಗೆ ಕೂರುತ್ತೆ, ಗಾಳಿ ಹೋಗೋ ತೂತಿನ ಆಕಾರ ಒಂದೇ, ಅದನ್ನ ತಂದೆ. ಕೆಳಗಡೆ ಟ್ರಕ್ ಆಯಿಲ್ ಪ್ಯಾನ್ ಕೂಡ ಅಷ್ಟೇ ಆಳ, ಇಂಜಿನ್ ಬದಲಾಯಿಸೋರಿಗೆ ಅಂತಲೇ ಬರೋ ಪ್ಯಾನ್ ಹಾಕಿದೆ. ಪ್ಯಾನ್ ಬದಲಾದ್ರೆ ಅದ್ರಿಂದ ಆಯಿಲ್ ಹೀರೋ ಪಿಕಪ್ ಟ್ಯೂಬ್ ಬದಲು, ಟ್ಯೂಬ್ ಬದಲಾದ್ರೆ ಅದರ ತುದೀಲಿರೋ ರಬ್ಬರ್ ಓ-ರಿಂಗ್ ಬದಲು.

ಈ ಓ-ರಿಂಗ್ ಕಥೆ ಸ್ವಲ್ಪ ಬಿಡಿಸಿ ಹೇಳ್ಬೇಕು. ಮೊದಲ ಸಲ ಸ್ಟಾರ್ಟ್ ಆದಾಗ ಸೌಂಡ್ ಕೇಳಿ ಖುಷೀಲಿ ಕೂಗಿದೆ, ಎರಡೇ ನಿಮಿಷ, ಆಯಿಲ್ ಒತ್ತಡ ತೋರಿಸೋ ಗೇಜಿನ ಮುಳ್ಳು 15 ಪಿಎಸ್‌ಐ ಹತ್ರ ನಡುಗ್ತಾ ನಿಂತಿದೆ, ಆಕ್ಸಿಲರೇಟರ್ ಒತ್ತಿದ್ರೂ ಮೇಲಕ್ಕೆ ಏಳ್ತಿಲ್ಲ. ತಕ್ಷಣ ಆಫ್ ಮಾಡಿದೆ. ಬೇರಿಂಗ್ ಹೋಗಿದೆ, ಗುಜರಿಯವನು ಟೋಪಿ ಹಾಕಿದ ಅಂತ ಅವನಿಗೆ ಮನಸಾರೆ ಬೈದೆ. ಎರಡು ವೀಕೆಂಡ್ ಕಳೆದು ಇಂಜಿನ್ ಎತ್ತಿ ಪ್ಯಾನ್ ಬಿಚ್ಚಿದ್ರೆ, ಆ ರಬ್ಬರ್ ಉಂಗುರ ಒಂದು ಕಡೆ ಮಡಚ್ಕೊಂಡು ಉಗುರು ಕತ್ತರಿಸಿದಂಗೆ ಹರಿದಿತ್ತು. ಪಂಪು ಆಯಿಲ್ ಜೊತೆ ಗಾಳೀನೂ ಎಳೀತಿತ್ತು. ಒಣ ರಿಂಗನ್ನ ಹಂಗೇ ತಳ್ಳಿ ಕೂರಿಸಿದ್ದು ನಾನೇ. ಆಯಿಲ್ ಹಚ್ಚಿ ಹೊಸದು ಹಾಕಿದ್ಮೇಲೆ 40 ನಿಂತಿದೆ, ಇವತ್ತಿಗೂ. ಪಾಪ ಗುಜರಿಯವನು.

ವೈರಿಂಗ್ ಮಾತ್ರ ನನ್ನ ತಪ್ಪಲ್ಲ. ಟ್ರಕ್ಕಿನ ವೈರ್ ಕಟ್ಟಲ್ಲಿ ಬೇಡದ್ದನ್ನೆಲ್ಲ ತೆಗೆದು ಲೇಬಲ್ ಅಂಟಿಸಿ ಕೊಡ್ತೀವಿ ಅಂದ ಒಂದು ಅಂಗಡಿಗೆ ಕಳಿಸಿದ್ದೆ, ಅವರು ಹೊಗೆ ಅಳೆದು ಪೆಟ್ರೋಲ್ ಎಷ್ಟು ಬೇಕು ಅಂತ ಕಂಪ್ಯೂಟರ್‌ಗೆ ಹೇಳೋ ಎಡಗಡೆ ಆಕ್ಸಿಜನ್ ಸೆನ್ಸರ್ ಪ್ಲಗ್ಗಿಗೆ ಬಲ ಅಂತ, ಬಲದ್ದಕ್ಕೆ ಎಡ ಅಂತ ಅಂಟಿಸಿ ಕಳಿಸಿದ್ರು. ಆಗ ಏನಾಗುತ್ತೆ ಅಂದ್ರೆ ಒಂದು ಬದಿ ಪೆಟ್ರೋಲ್ ಕಮ್ಮಿ ಇದೆ ಅಂತ ಕಂಪ್ಯೂಟರ್ ಇನ್ನೊಂದು ಬದಿಗೆ ಸುರಿಯುತ್ತೆ, ಅಲ್ಲಿ ಜಾಸ್ತಿ ಆಯ್ತು ಅಂತ ಇಲ್ಲಿ ಕಮ್ಮಿ ಮಾಡುತ್ತೆ, ಹೀಗೇ ಎರಡೂ ಎದುರುಬದುರು ದಿಕ್ಕಿಗೆ ಓಡ್ತಾ ಹೋಗಿ ಕೊನೆಗೆ ಇಂಜಿನ್ ಕುಂಟುತ್ತೆ. ಮೂರು ವಾರ ತಲೆ ಚಚ್ಕೊಂಡೆ. ಕಂಪ್ಯೂಟರ್‌ನಲ್ಲಿರೋ ಕಳ್ಳತನ ತಡೆಯೋ ಲಾಕನ್ನೂ ತೆಗೆಸ್ಬೇಕು, ಇಲ್ಲಾಂದ್ರೆ ಸ್ಟಾರ್ಟ್ ಆಗಿ ಹಂಗೇ ಆಫ್ ಆಗುತ್ತೆ.

ಪೆಟ್ರೋಲ್ ಲೈನು: ಹಳೇ ಕಾರ್ಬುರೇಟರ್‌ಗೆ 6-7 ಪಿಎಸ್‌ಐ ಸಾಕಿತ್ತು, ಇದಕ್ಕೆ 58 ಬೇಕು. 1999ರಿಂದ 2003ರ ಕಾರ್ವೆಟ್‌ನ ಫಿಲ್ಟರ್ ಒಳಗೇ ಒತ್ತಡ ಹಿಡಿದಿಡೋ ರೆಗ್ಯುಲೇಟರ್ ಇದೆ, ಅದನ್ನ ಹಾಕಿದ್ರೆ ಪೈಪ್ ಕೆಲಸ ಅರ್ಧ ಮುಗೀತು. ಪಂಪನ್ನ ಮಾತ್ರ ಜಿಪುಣತನ ಮಾಡಿ ಟ್ಯಾಂಕ್ ಹೊರಗೆ ಕಟ್ಟಿದೆ, ಸೊಳ್ಳೆ ಥರ ಗುಂಯ್ ಅಂತಿತ್ತು, ಎರಡನೇ ಬೇಸಿಗೇಲಿ ಐ-75 ಹೈವೇ ನಡುವೆ ಸತ್ತುಹೋಯ್ತು. ಈಗ ಟ್ಯಾಂಕ್ ಒಳಗಿದೆ, ಪೆಟ್ರೋಲಲ್ಲಿ ಮುಳುಗಿ ತಣ್ಣಗಿರುತ್ತೆ, ಸದ್ದೇ ಇಲ್ಲ.

ಯಾರೂ ಹೇಳದ ಇನ್ನೊಂದು ವಿಷ್ಯ, ಈ ಕಾರ್ವೆಟ್‌ಗಳಲ್ಲಿ ಹೆಡ್‌ಲೈಟ್ ಮೇಲೇಳೋದು ಕರೆಂಟಿಂದ ಅಲ್ಲ, ಇಂಜಿನ್ ವ್ಯಾಕ್ಯೂಮಿಂದ. ಹೊಸ ಮ್ಯಾನಿಫೋಲ್ಡ್‌ನಲ್ಲಿ ಬ್ರೇಕ್ ಬೂಸ್ಟರ್‌ಗೆ ಒಂದು ಪೈಪ್ ಕೊಟ್ಟು ಮರ್ತುಬಿಟ್ಟಿದ್ದೆ, ರಾತ್ರಿ ಮೊದಲ ಸಲ ಲೈಟ್ ಹಾಕಿದ್ರೆ ಎರಡೂ ಕಣ್ಣು ಮುಚ್ಕೊಂಡೇ ಇದೆ. ಈಗ ಪೈಪ್ ಇದೆ, ಆದ್ರೂ ಎಡಗಣ್ಣು ಬಲಗಣ್ಣಿಗಿಂತ ಅರ್ಧ ಸೆಕೆಂಡ್ ತಡವಾಗಿ ಏಳುತ್ತೆ, ಅದು ಹಳೇ ರೋಗ, ಬಿಟ್ಟಿದೀನಿ.

ಓಡಿಸೋಕೆ ಹೇಗಿದೆ ಅಂದ್ರೆ, 14,000 ಮೈಲಿ ಆಯ್ತು, ಬರೀ ಬೇಸಿಗೇಲಿ. ಚಳೀಲಿ ಬೆಳಗ್ಗೆ ಒಂದೇ ಕೀಗೆ ಸ್ಟಾರ್ಟ್. ಮೂರು ಗೇರಿನ ಹಳೇ ಬಾಕ್ಸಲ್ಲಿ 70 ಮೈಲಿ ವೇಗಕ್ಕೆ ಇಂಜಿನ್ 3,000 ಆರ್‌ಪಿಎಂ ತಿರುಗ್ತಿತ್ತು, ಹೊಸ ಬಾಕ್ಸಿನ ನಾಲ್ಕನೇ ಗೇರು, ಓವರ್‌ಡ್ರೈವ್, ಬಂದ್ಮೇಲೆ 2,100. ಮಾತಾಡೋಕಾಗುತ್ತೆ ಒಳಗೆ. ಗ್ಯಾಲನ್‌ಗೆ 13 ಇದ್ದ ಮೈಲೇಜ್ ಹೈವೇಲಿ 21ಕ್ಕೆ ಬಂದಿದೆ. ಡ್ರೈವ್‌ಶಾಫ್ಟ್ ಕೊಯ್ಸಿ ಗಿಡ್ಡ ಮಾಡಿಸ್ಬೇಕಾಯ್ತು, ಸ್ಪೀಡೋಮೀಟರ್ ಕೇಬಲ್ ತಿರುಗಿಸೋಕೆ ಒಂದು ಎಲೆಕ್ಟ್ರಿಕ್ ಡಬ್ಬ ಬೇರೆ.

ನಾಲ್ಕು ವರ್ಷದಲ್ಲಿ ಇಂಜಿನ್ ಒಂದೇ ಸಲ ಕೈಕೊಟ್ಟಿದ್ದು. ಇಂಜಿನ್ ಕಟಕಟ ಅಂದ್ರೆ ಪತ್ತೆ ಹಚ್ಚೋ ನಾಕ್ ಸೆನ್ಸರ್ ಇರೋದು ಮ್ಯಾನಿಫೋಲ್ಡ್ ಅಡಿ ಗುಳೀಲಿ, ಗಾಡಿ ತೊಳೆಯೋವಾಗ ನೀರು ಇಳಿದು ತುಕ್ಕು ಹಿಡಿಯುತ್ತೆ. ಈ ಇಂಜಿನ್‌ಗಳಿಗೆ ಇದು ಮಾಮೂಲಿ ಕಾಯಿಲೆ. ಇಂಜಿನ್ ಹೊರಗಿದ್ದಾಗ್ಲೇ ಬದಲಾಯಿಸಿಬಿಡಿ, ಆಮೇಲೆ ಬೆನ್ನು ನೋವು.

ಕ್ಯಾಲಿಫೋರ್ನಿಯಾದಲ್ಲಿರೋರು ಇದನ್ನ ನೋಡಿ ಹಂಗೇ ಶುರು ಮಾಡ್ಬೇಡಿ. ಇಲ್ಲಿ ಮಿಷಿಗನ್‌ನಲ್ಲಿ ಹೊಗೆ ಟೆಸ್ಟೇ ಇಲ್ಲ. ಅಲ್ಲಿ 1976 ಮತ್ತು ಆಮೇಲಿನ ಮಾಡೆಲ್ ಪೆಟ್ರೋಲ್ ಗಾಡಿಗಳಿಗೆ ಸ್ಮಾಗ್ ಚೆಕ್, ಅಂದ್ರೆ ಹೊಗೆ ಟೆಸ್ಟ್, ಇದೆ, ಇಂಜಿನ್ ಬದಲಾಯಿಸಿದ್ರೆ ಅದಕ್ಕಂತಲೇ ಇರೋ ರೆಫರಿ ಅನ್ನೋ ತಪಾಸಣೆಯವರ ಹತ್ರ ತೋರಿಸ್ಬೇಕು, ಇಂಜಿನ್ ಜೊತೆ ಬಂದ ಹೊಗೆ ಸಾಮಾನೆಲ್ಲ ಹಾಕಿರ್ಬೇಕು.

ಆಗಸ್ಟ್‌ನಲ್ಲಿ ಇಲ್ಲಿನ ಹಳೇ ಕಾರುಗಳ ಜಾತ್ರೆ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ತಗೊಂಡು ಹೋಗಿ ಬಾನೆಟ್ ಎತ್ತಿ ನಿಲ್ಲಿಸಿದ್ರೆ, ಒಬ್ಬ ಅಜ್ಜ ಬಗ್ಗಿ ನೋಡಿ ತಲೆ ಅಲ್ಲಾಡಿಸಿ ಹೋದ್ರು. ಅವರ ಸಂಕಟ ನಂಗೂ ಅರ್ಥ ಆಗುತ್ತೆ, ಹಳೇ 5.7 ಲೀಟರ್ ಇಂಜಿನ್ ಮಾರಿಲ್ಲ, ಗ್ಯಾರೇಜ್ ಮೂಲೇಲಿ ಟಾರ್ಪಲ್ ಹೊದ್ದು ಕೂತಿದೆ, ಆಯುಧ ಪೂಜೆಗೆ ಅದಕ್ಕೂ ಒಂದು ಬೊಟ್ಟು.

5ಕ್ಕೆ 4 ಕೊಡ್ತೀನಿ. ಕಮ್ಮಿ ಆದ ಆ ಒಂದು ಏಸಿಗೆ. ಟ್ರಕ್ಕಿನ ಏಸಿ ಕಂಪ್ರೆಸರ್ ತೀರಾ ಕೆಳಗೆ ಕೂರುತ್ತೆ, ಚಾಸಿಸ್ಸಿಗೆ ತಾಗುತ್ತೆ, ಹಂಗಾಗಿ ಬಿಚ್ಚಿಟ್ಟು ನಾಲ್ಕು ಬೇಸಿಗೆ ಗಾಜಿಳಿಸ್ಕೊಂಡೇ ಓಡಿಸಿದೀನಿ. ಏಸಿ ಬರೋ ತನಕ ಕೂರಲ್ಲ ಅಂತ ಹೆಂಡತಿ ಹೇಳಿ ಎರಡು ವರ್ಷ ಆಯ್ತು. ಮೇಲ್ಗಡೆ ಕೂರಿಸೋ ಬ್ರಾಕೆಟ್ ಆರ್ಡರ್ ಮಾಡಿದೀನಿ. ಬಾನೆಟ್‌ಗೆ ಹಿಡಿಯುತ್ತಾ ನೋಡೋಕೆ ಮತ್ತೆ ಹಿಟ್ಟು ಕೇಳ್ಬೇಕು.